ಬಿತ್ತು ನೋಡು ಮಗು

'ಲಿಟಲ್ ಹೌಸ್ ಆನ್ ದಿ ಪ್ರೇರಿ' ಅನ್ನೋ ಹಳೇ ಅಮೆರಿಕನ್ ಸೀರಿಯಲ್‌ನಲ್ಲಿ ಎಪಿಸೋಡ್ ಶುರುವಾಗೋ ಮುಂಚೆ ಟೈಟಲ್ ಮ್ಯೂಸಿಕ್ ಬರುತ್ತಲ್ಲ, ಆಗ ಮೂರು ಹೆಣ್ಮಕ್ಕಳು ಹುಲ್ಲುಗುಡ್ಡದ ಇಳಿಜಾರಲ್ಲಿ ಓಡಿ ಬರ್ತಾರೆ, ಅದರಲ್ಲಿ ಎಲ್ಲಕ್ಕಿಂತ ಚಿಕ್ಕದು ಹೂವಿನ ಮಧ್ಯೆ ಕಾಲು ತೊಡರಿ ದಬಕ್ಕಂತ ಬೀಳುತ್ತೆ. ನಮ್ಮತ್ತೆ ಆಗ "ಬಿತ್ತು ನೋಡು ಮಗು" ಅಂತಾರೆ. ಮೊದಲನೇ ದಿನ ಅಂದ್ರೆ ಸರಿ, ಎರಡನೇ ದಿನಾನೂ ಸರಿ ಅನ್ನೋಣ, ಆದ್ರೆ ಮೂರು ತಿಂಗಳಾದ್ಮೇಲೂ ಅದೇ ಮಗು ಅದೇ ಜಾಗದಲ್ಲಿ ಬಿದ್ದಾಗ ಅದೇ ಗಾಬರಿಯಲ್ಲಿ ಅದೇ ಮಾತು. ಒಂದು ಸಲ ಅಡುಗೆಮನೇಲಿ ಹಾಲು ನೋಡ್ಕೊಳ್ತಾ ನಿಂತು ಲೇಟಾಗಿ ಬಂದು ಕೂತವರು "ಬಿತ್ತಾ?" ಅಂತ ಕೇಳಿದ್ರು. ಬಿತ್ತು ಅಂದೆ. ಆಮೇಲೇ ನೆಮ್ಮದಿಯಾಗಿ ಸೋಫಾಕ್ಕೆ ಒರಗಿದ್ದು.

ಆ ಮಗು ಪಾತ್ರ ಮಾಡಿದ್ದು ಒಬ್ಬಳಲ್ಲ, ಲಿಂಡ್ಸೆ, ಸಿಡ್ನಿ ಅನ್ನೋ ಅವಳಿ ಹುಡುಗೀರು, ಟೈಟಲ್ ಕಾರ್ಡಲ್ಲಿ ಎರಡೂ ಹೆಸರನ್ನ ಸೇರಿಸಿ ಒಂದೇ ಹೆಸರಿನ ಥರ ಹಾಕ್ತಿದ್ರು ಅಂತ ನಾನು ಹೇಳಿದ್ದಕ್ಕೆ ಅತ್ತೆ ಸ್ವಲ್ಪ ಹೊತ್ತು ಯೋಚ್ನೆ ಮಾಡಿ, "ಹಂಗಾರೆ ಬಿದ್ದಿದ್ದು ಯಾವುದು?" ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ.

ಅತ್ತೆ ಸಾಗರದ ಕಡೆಯವರು. ನಾವಿರೋದು ಅಮೆರಿಕದ ಮಿನ್ನೆಸೋಟಾದಲ್ಲಿ, ಮಿನಿಯಾಪೊಲಿಸ್ ಪಕ್ಕ. ಡಿಸೆಂಬರಲ್ಲಿ ಟಿಕೆಟ್ ಅಗ್ಗ ಇತ್ತು ಅಂತ ನನ್ನ ಗಂಡ ಹಿಂದೆಮುಂದೆ ನೋಡದೆ ಬುಕ್ ಮಾಡಿಬಿಟ್ಟ, ಇಲ್ಲಿ ಡಿಸೆಂಬರ್ ಅಂದ್ರೆ ಏನು ಅಂತ ಏಳು ವರ್ಷ ಇಲ್ಲೇ ಇದ್ದವನಿಗೆ ಗೊತ್ತಿರಬೇಕಿತ್ತು, ಇರ್ಲಿ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ, ಹೊರಗೆ ಕಾಲಿಡೋ ಹಾಗಿಲ್ಲ, ಕಿಟಕಿಯಿಂದ ನೋಡಿದ್ರೆ ಬಿಳಿ ಬಿಟ್ಟು ಇನ್ನೇನೂ ಇಲ್ಲ. ಫೋನಲ್ಲಿ ಕನ್ನಡ ಸೀರಿಯಲ್ ಹಾಕ್ಕೊಟ್ಟೆ, ಹತ್ತು ದಿನಕ್ಕೆ ಬೇಜಾರು ಬಂತು, "ಆ ಮನೇಲಿ ಯಾರೂ ಒಂದು ಲೋಟ ತೊಳೆಯಲ್ಲ, ಬರೀ ಒಡವೆ ಹಾಕ್ಕೊಂಡು ಮೆಟ್ಟಿಲ ಹತ್ರ ನಿಂತಿರ್ತಾರೆ" ಅಂತ ಕಂಪ್ಲೇಂಟು. ಚಾನೆಲ್ ಬದಲಾಯಿಸ್ತಾ ಬದಲಾಯಿಸ್ತಾ ಒಂದು ರಾತ್ರಿ ಇದು ಸಿಕ್ತು, 'ಲಿಟಲ್ ಹೌಸ್ ಆನ್ ದಿ ಪ್ರೇರಿ'. ತೆರೆ ಮೇಲೆ ಒಬ್ಬಳು ಹಿಟ್ಟು ನಾದ್ತಾ ಇದ್ಳು. ಅತ್ತೆ ಕೈ ಅಡ್ಡ ಹಿಡಿದು ರಿಮೋಟ್ ನಿಲ್ಲಿಸಿದ್ರು. ಇಂಗ್ಲಿಷ್ ಅರ್ಥ ಆಗುತ್ತಾ ಅಂದೆ. "ಹಿಟ್ಟು ನಾದೋಕೆ ಇಂಗ್ಲಿಷ್ ಎಂತಕ್ಕೆ ಮಾರಾಯ್ತಿ" ಅಂದ್ರು.

ನೋಡದೇ ಇರೋರಿಗೆ ಚೂರು ಹೇಳ್ಬೇಕು. ಲಾರಾ ಇಂಗಲ್ಸ್ ವೈಲ್ಡರ್ ಅಂತ ಒಬ್ಬ ಹೆಂಗಸು, 1867ರಲ್ಲಿ ವಿಸ್ಕಾನ್ಸಿನ್ ಕಾಡಲ್ಲಿ ಹುಟ್ಟಿದವಳು, ತನ್ನ ಬಾಲ್ಯದ ಕಥೇನ ಅರವತ್ತೈದನೇ ವಯಸ್ಸಲ್ಲಿ ಪುಸ್ತಕ ಮಾಡೋಕೆ ಶುರು ಮಾಡಿದ್ಳು. ಅಪ್ಪ, ಅಮ್ಮ, ಹೆಣ್ಮಕ್ಕಳು, ಒಂದು ಮುಚ್ಚಿದ ಗಾಡಿ, ಎರಡು ಕುದುರೆ, ಎಲ್ಲೋ ಬಯಲಲ್ಲಿ ಒಂದು ಮನೆ, ಇಷ್ಟೇ ಸಾಮಗ್ರಿ. ಅದನ್ನಿಟ್ಕೊಂಡು 1974ರಿಂದ 1983ರ ತನಕ ಒಂಬತ್ತು ಸೀಸನ್ ಟೀವಿಯಲ್ಲಿ ಓಡಿಸಿದ್ರು, ಇನ್ನೂರಕ್ಕೂ ಹೆಚ್ಚು ಎಪಿಸೋಡು. ಅಪ್ಪ ಚಾರ್ಲ್ಸ್ ಪಾತ್ರಕ್ಕೆ ಮೈಕೇಲ್ ಲ್ಯಾಂಡನ್. ನಿಜವಾದ ಚಾರ್ಲ್ಸ್‌ಗೆ ಎದೆ ಮುಟ್ಟೋ ಗಡ್ಡ ಇತ್ತು, ಫೋಟೋ ಇದೆ, ಈ ಮಹಾನುಭಾವ ನುಣ್ಣಗೆ ಶೇವ್ ಮಾಡ್ಕೊಂಡು, ಎಪ್ಪತ್ತರ ದಶಕದ ಗುಂಗುರು ಕ್ರಾಪು ಬಿಟ್ಕೊಂಡು, ಅವಕಾಶ ಸಿಕ್ಕಾಗೆಲ್ಲ ಶರ್ಟ್ ತೆಗೆದು ಸೌದೆ ಒಡೀತಾನೆ. ಅಳೋದಂತೂ ಧಾರಾಳ. ಅತ್ತೆಗೆ ಅವನನ್ನ ಕಂಡ್ರೆ ವಿಪರೀತ ಮೆಚ್ಚುಗೆ, ಅದು ಕ್ರಾಪಿಗಲ್ಲ, ಕೊಡಲಿ ಹಿಡಿಯೋಕೆ ಬರುತ್ತೆ ಅನ್ನೋದಕ್ಕೆ. ಮಗನ ಕಡೆ ಒಂದು ನೋಟ ಕೂಡ ಬಿಡ್ತಾರೆ. ಮಗ ಕೂತಲ್ಲಿಂದಲೇ ಫೋನಲ್ಲಿ ಹೀಟರ್ ಎರಡು ಡಿಗ್ರಿ ಏರಿಸ್ತಾನೆ.

ಇಂಥದ್ದನ್ನ ಜನ ಯಾಕೆ ಬಿಟ್ಟೂಬಿಡದೆ ನೋಡ್ತಾರೆ ಅನ್ನೋದಕ್ಕೆ ನನ್ನ ಗಂಡನದ್ದು ಸೀದಾ ಉತ್ತರ. ಒಳ್ಳೇ ಜನ, ಬೈಗುಳ ಇಲ್ಲ, ಮಕ್ಕಳ ಜೊತೆ ಕೂತು ನೋಡ್ಬಹುದು, ಫ್ಯಾಮಿಲಿ ಫ್ರೆಂಡ್ಲಿ. ನನಗೆ ಇದು ಪೂರ್ತಿ ಒಪ್ಪಿಗೆ ಆಗಲ್ಲ. ಒಳ್ಳೇತನ ಅಷ್ಟೊಂದು ರುಚಿ ಪದಾರ್ಥ ಆಗಿದ್ರೆ ಪ್ರವಚನದ ಹಾಲ್‌ಗಳಲ್ಲಿ ಸೀಟೇ ಸಿಗ್ತಿರ್ಲಿಲ್ಲ. ಆಮೇಲೆ ಆ ಸೀರಿಯಲ್ಲು ಅಷ್ಟೇನೂ ಸಾಧು ಅಲ್ಲ, ಹಿರೀ ಮಗಳು ಮೇರಿಗೆ ಕಣ್ಣು ಹೋಗುತ್ತೆ, ಅಂಧರ ಶಾಲೆಗೆ ಬೆಂಕಿ ಬಿದ್ದು ಅವಳ ಕೂಸೇ ಸುಟ್ಟು ಸಾಯುತ್ತೆ, ಆ ರಾತ್ರಿ ಅತ್ತೆ ಊಟ ಸರಿಯಾಗಿ ಮಾಡ್ಲಿಲ್ಲ. ಇದನ್ನ ಫ್ಯಾಮಿಲಿ ಫ್ರೆಂಡ್ಲಿ ಅಂದವರಿಗೆ ದೊಡ್ಡ ನಮಸ್ಕಾರ.

ನನಗನ್ನಿಸೋದು, ಅಲ್ಲಿ ವಸ್ತುಗಳನ್ನ ಎಣಿಸ್ಬಹುದು, ಅದೇ ಸೆಳೆತ. ಪುಸ್ತಕದಲ್ಲಿ ಒಂದು ಕ್ರಿಸ್‌ಮಸ್ ಬರುತ್ತೆ, ಹೊಳೆ ತುಂಬಿ ಹರೀತಿದೆ, ಪಕ್ಕದ ಎಡ್ವರ್ಡ್ಸ್ ಮಾಮ ಬಟ್ಟೆ ಗಂಟು ತಲೆ ಮೇಲಿಟ್ಕೊಂಡು ಈಜಿ ಬಂದು ಹುಡುಗೀರಿಗೆ ಉಡುಗೊರೆ ಕೊಡ್ತಾನೆ, ತಲಾ ಒಂದು ತಗಡಿನ ಲೋಟ, ಒಂದು ಪೆಪ್ಪರ್ಮಿಂಟ್ ಕಡ್ಡಿ, ಒಂದು ಪುಟ್ಟ ಕೇಕು, ಉಡುಗೊರೆ ತುಂಬಿದ ಕಾಲುಚೀಲದ ತುದಿಯಲ್ಲಿ ಒಂದು ಪೆನ್ನಿ ನಾಣ್ಯ. ಅಲ್ಲೀತನಕ ಇಬ್ಬರಿಗೂ ಸೇರಿ ಒಂದೇ ಲೋಟ ಇತ್ತು. ಈಗ ಎರಡು. ನಮ್ಮನೇ ಕಪಾಟಲ್ಲಿ ಎಷ್ಟು ಲೋಟ ಇದೆ ಅಂತ ಕೇಳಿದ್ರೆ ನಾನು ಹೇಳ್ಲಾರೆ, ಆಫೀಸಲ್ಲಿ ಕೊಟ್ಟ ಮಗ್‌ಗಳೇ ಒಂದು ಡಜನ್ ಇರ್ಬೇಕು, ಒಂದಕ್ಕೂ ಕಥೆ ಇಲ್ಲ.

ಕೆಲಸಾನೂ ಅಷ್ಟೇ, ಶುರುವಿಂದ ಮುಗಿಯೋ ತನಕ ಕಾಣುತ್ತೆ. ಮನೆ ಬಾಗಿಲು ಮಾಡೋದನ್ನ ಲಾರಾ ಎಷ್ಟು ಬಿಡಿಸಿ ಬರ್ದಿದ್ದಾಳೆ ಅಂದ್ರೆ, ಮೊಳೆ ಇಲ್ಲದೆ ಮರದ ಗೂಟ ಹೊಡೆದು ಹಲಗೆ ಕೂರಿಸೋದು, ಚರ್ಮದ ಪಟ್ಟೀನ ತಿರುಗಣಿ ಮಾಡೋದು, ಚಿಲಕಕ್ಕೆ ದಾರ ಕಟ್ಟಿ ತೂತಿನಿಂದ ಹೊರಗೆ ಬಿಡೋದು, ದಾರ ಒಳಗೆಳೆದುಕೊಂಡ್ರೆ ಬಾಗಿಲು ಭದ್ರ, ಓದಿ ಮುಗಿಸೋ ಹೊತ್ತಿಗೆ ನಾನೂ ಒಂದು ಬಾಗಿಲು ಮಾಡ್ಬಹುದೇನೋ ಅನ್ನಿಸ್ತು. ನಾನು ಆಫೀಸಲ್ಲಿ ದಿನಕ್ಕೆ ಎಂಟು ಹತ್ತು ಟಿಕೆಟ್, ಅಂದ್ರೆ ಕಂಪ್ಯೂಟರಲ್ಲಿ ಬರೋ ಕೆಲಸದ ಚೀಟಿ, ಕ್ಲೋಸ್ ಮಾಡ್ತೀನಿ, ಅದರಿಂದ ಜಗತ್ತಿನಲ್ಲಿ ಯಾವ ಬಾಗಿಲು ತೆಗೀತು ಯಾವುದು ಮುಚ್ಚಿತು ಅಂತ ಇವತ್ತಿನ ತನಕ ತಿಳಿದಿಲ್ಲ. ಸಂಜೆ ಬಂದು ಬ್ಲಾಂಕೆಟ್ ಹೊದ್ಕೊಂಡು, ಕೈಯಲ್ಲಿ ಚೌಚೌ ಬಟ್ಟಲು ಹಿಡ್ಕೊಂಡು, ಬೇರೆಯವರು ಬೆವರು ಸುರಿಸೋದನ್ನ ನೋಡೋದಿದೆಯಲ್ಲ, ಅದರ ಸುಖಾನೇ ಬೇರೆ. ಇದು ಸೋಮಾರಿತನ ಅಂತ ನನಗೆ ಗೊತ್ತು. ಆದ್ರೆ ಅತ್ತೆ ಸೋಮಾರಿ ಅಲ್ಲವಲ್ಲ, ಕೊಟ್ಟಿಗೆ, ಗೊಬ್ಬರ, ಅಡಿಕೆ ಸುಲಿತ ಎಲ್ಲಾ ಮಾಡಿ ಬಂದವರು, ಅವರೂ ಕಣ್ಣು ಮಿಟುಕಿಸದೆ ನೋಡ್ತಾರೆ. ಕೇಳಿದ್ರೆ, "ಇಷ್ಟೂ ವರ್ಷ ನಾನು ಮಾಡಿದ್ದನ್ನ ಯಾರೂ ಕೂತು ನೋಡ್ಲಿಲ್ಲ, ನಾನಾದ್ರೂ ಅವಳು ಮಾಡೋದನ್ನ ನೋಡ್ತೀನಿ ಬಿಡು" ಅಂದ್ರು. ನಾನು ಸುಮ್ಮನೆ ಬಟ್ಟಲು ಅವರ ಕಡೆ ಸರಿಸಿದೆ.

ಖಾರ ಬೇಕಲ್ಲ, ಅದಕ್ಕೆ ನೆಲ್ಲಿ ಓಲ್ಸನ್ ಇದ್ದಾಳೆ, ಅಂಗಡಿ ಸಾಹುಕಾರನ ಮಗಳು, ತಲೆ ತುಂಬಾ ಸುರುಳಿ ಸುರುಳಿ ಕೂದಲು, ಅದು ವಿಗ್ಗು. ಅತ್ತೆ ಅವಳಿಗೆ ಮೊದಲನೇ ದಿನವೇ ನೆಲ್ಲಿಕಾಯಿ ಅಂತ ಹೆಸರಿಟ್ರು. ಕುದುರೆಯಿಂದ ಬಿದ್ದು ಕಾಲೇ ಹೋಯ್ತು ಅಂತ ನಾಟಕ ಮಾಡೋ ನೆಲ್ಲಿಕಾಯೀನ ಲಾರಾ ಗಾಲಿಕುರ್ಚಿ ಸಮೇತ ಗುಡ್ಡದಿಂದ ಕೆಳಗೆ ನೂಕಿ ನೀರಿಗೆ ಬೀಳಿಸೋ ಎಪಿಸೋಡ್ ಒಂದಿದೆ, ಅದನ್ನ ನಾವು ನಾಲ್ಕು ಸಲ ನೋಡಿದ್ದೀವಿ. ಆ ಮಗು ಬಿದ್ರೆ ಅಯ್ಯೋ, ಈ ಮಗು ಬಿದ್ರೆ ಚಪ್ಪಾಳೆ. ಆಮೇಲೆ 1993ರಲ್ಲಿ ಶುರುವಾದ 'ಡಾಕ್ಟರ್ ಕ್ವಿನ್' ಅನ್ನೋ ಇನ್ನೊಂದು ಇದೇ ಜಾತಿಯ ಸೀರಿಯಲ್ ಹಾಕಿದ್ದೆ, ಡಾಕ್ಟರಮ್ಮ ಕೊಲರಾಡೋ ಹಳ್ಳಿಗೆ ಬರೋ ಕಥೆ, ಅತ್ತೆಗೆ ಹಿಡಿಸ್ಲಿಲ್ಲ, ಆಪರೇಷನ್ ಜಾಸ್ತಿ, ಅಡುಗೆ ಕಮ್ಮಿ.

ನನಗೋ ಒಂದು ಚಟ, ನೋಡಿದ್ದರ ಹಿಂದೆ ನಿಜ ಏನಿತ್ತು ಅಂತ ಕೆದಕೋದು. ಕೆದಕಬಾರದಿತ್ತು. ಸೀರಿಯಲ್‌ನಲ್ಲಿ ಚಾರ್ಲ್ಸ್ ಮಿನ್ನೆಸೋಟಾದ ವಾಲ್ನಟ್ ಗ್ರೋವ್ ಅನ್ನೋ ಊರಲ್ಲಿ ಬೇರು ಬಿಟ್ಟು ನಿಲ್ತಾನೆ, ನಿಜವಾದವನು ಎಲ್ಲೂ ನಿಲ್ಲಲಿಲ್ಲ. ವಿಸ್ಕಾನ್ಸಿನ್, ಕಾನ್ಸಾಸ್, ಮತ್ತೆ ವಿಸ್ಕಾನ್ಸಿನ್, 1874ರಲ್ಲಿ ವಾಲ್ನಟ್ ಗ್ರೋವ್, ಅಲ್ಲಿ ಮಿಡತೆ ಬಂದು ಬೆಳೆಯೆಲ್ಲ ನುಣ್ಣಗೆ ಮೇಯ್ತು, ಮೊಟ್ಟೆ ಇಟ್ಟು ಮುಂದಿನ ವರ್ಷವೂ ಮೇಯ್ತು, ಅಲ್ಲಿಂದ ಅಯೋವಾ, ಒಂಬತ್ತು ತಿಂಗಳ ಗಂಡು ಕೂಸನ್ನ ದಾರಿಯಲ್ಲಿ ಕಳ್ಕೊಂಡ್ರು, ಅಯೋವಾದಲ್ಲಿ ಬಾಡಿಗೆ ಬಾಕಿ ಇಟ್ಟು ರಾತ್ರೋರಾತ್ರಿ ಗಾಡಿ ಕಟ್ಟಿದ್ರು, ಈ ಅಯೋವಾ ಕಥೇನ ಲಾರಾ ತನ್ನ ಮಕ್ಕಳ ಪುಸ್ತಕದಲ್ಲಿ ಹಾಕಲೇ ಇಲ್ಲ. ಕೊನೆಗೆ ಡಕೋಟಾ. ಅಲ್ಲಿ 1880-81ರ ಚಳಿಗಾಲದಲ್ಲಿ ಹಿಮ ಬಿದ್ದು ಬಿದ್ದು ರೈಲೇ ನಿಂತು ಊರಿಗೆ ಊಟ ಇಲ್ಲ, ಬೀಜದ ಗೋಧೀನ ಕಾಫಿ ಬೀಸೋ ಪುಟ್ಟ ಯಂತ್ರದಲ್ಲಿ ಹಾಕಿ ಮನೆಯವರೆಲ್ಲ ಸರದಿ ಮೇಲೆ ತಿರುಗಿಸಿ ಹಿಟ್ಟು ಮಾಡಿದ್ರಂತೆ, ಸೌದೆ ಇಲ್ಲದೆ ಹುಲ್ಲನ್ನ ಹಗ್ಗದ ಹಾಗೆ ಹೊಸೆದು ಒಲೆಗೆ ಹಾಕಿದ್ರಂತೆ. ಇದನ್ನ ಹೇಳ್ದಾಗ ಅತ್ತೆ ಹಿಮ ಮುಚ್ಚಿದ್ದ ಕಿಟಕಿ ಕಡೆ ನೋಡಿ, ನಮ್ಮನೇಲಿ ಅಕ್ಕಿ ಎಷ್ಟಿದೆ ಅಂತ ಕೇಳಿದ್ರು.

ಶುರುವಿನ ಸಿನಿಮಾ ಒಂದಿದೆ, ಸೀರಿಯಲ್‌ಗೆ ಮುಂಚೆ ತೋರಿಸಿದ್ದು. ಅದರಲ್ಲಿ ಕಾನ್ಸಾಸ್ ಬಯಲಲ್ಲಿ ಒಂದು ವರ್ಷ ಒದ್ದಾಡಿ ಮನೆ ಕಟ್ತಾರೆ, ಕೊನೆಗೆ ಇದು ಇಂಡಿಯನ್ನರ, ಅಂದ್ರೆ ಅಮೆರಿಕದ ಮೂಲನಿವಾಸಿಗಳ ಜಾಗ, ಜಾಗ ಖಾಲಿ ಮಾಡಿ ಅಂತ ಸರ್ಕಾರದ ಆರ್ಡರ್ ಬರುತ್ತೆ. ಗಾಡಿಗೆ ಸಾಮಾನು ತುಂಬ್ತಾರೆ, ಎಲ್ಲರೂ ಹತ್ತಿ ಕೂತ್ಕೊಳ್ತಾರೆ, ಮನೆ ಹಿಂದೆ ಹಿಂದೆ ಹೋಗಿ ಚಿಕ್ಕದಾಗುತ್ತೆ. ಅತ್ತೆ ಆವತ್ತು ಮಾತೇ ಆಡ್ಲಿಲ್ಲ. ಆಫ್ ಮಾಡಿದ ಮೇಲೆ, "ಬಾಗಿಲು ಬಿಚ್ಕೊಂಡು ಹೋಗ್ಬೇಕಿತ್ತು" ಅಂದ್ರು.

ನನಗೆ ತಕ್ಷಣ ಹೊಳೀಲಿಲ್ಲ. ಅತ್ತೆಯ ತವರು ಶರಾವತಿ ಮುಳುಗಡೆ. ಲಿಂಗನಮಕ್ಕಿ ಡ್ಯಾಮ್ ಮುಗಿದಿದ್ದು 1964ರಲ್ಲಿ, ಇವರಿಗೆ ಆಗ ಒಂಬತ್ತೋ ಹತ್ತೋ. ಅವರಪ್ಪ ಹೆಂಚು ಇಳಿಸಿ, ಕಂಬ ಕಿತ್ತು, ಬಾಗಿಲು ಬಿಚ್ಚಿ ಲಾರಿ ಮೇಲೆ ಹೇರಿಸಿದ್ರಂತೆ, ಆ ಬಾಗಿಲ ಮೇಲೆಯೇ ಮಕ್ಕಳನ್ನ ಕೂರಿಸಿದ್ರಂತೆ. ಹೊಸ ಮನೆಗೆ ಬಾಗಿಲು ಅಳತೆಗೆ ಬರ್ಲಿಲ್ಲ, ಸುಮಾರು ವರ್ಷ ಅದು ಗೋಡೆಗೆ ಒರಗಿ ನಿಂತಿತ್ತು. ಪುಸ್ತಕದಲ್ಲಿ ಇಂಗಲ್ಸ್ ಮನೆಯವರು ಬಾಗಿಲು ಹಾಗೇ ಬಿಟ್ಟು ಚಿಲಕದ ದಾರ ಹೊರಗೆ ಹಾಕಿ ಹೋಗ್ತಾರೆ, ದಾರಿಹೋಕರಿಗೆ ಆಗ್ಲಿ ಅಂತ, ಗಾಡೀಲಿ ಜಾಗ ಇಲ್ಲದೆ ನೇಗಿಲೂ ಅಲ್ಲೇ ಬಿಟ್ರು ಅಂದೆ. "ನೇಗಿಲು ಬಿಟ್ರಾ?" ಅಂತ ಅದಕ್ಕೆ ಇನ್ನೂ ಬೇಜಾರು.

ನಿಜ ಇನ್ನೂ ಬೇರೆ ಥರ ಇದೆ. ಅದು ಓಸೇಜ್ ಅನ್ನೋ ಮೂಲನಿವಾಸಿ ಜನರ ನೆಲ, ಇವರು ಅಲ್ಲಿ ಹೋಗಿ ಮನೆ ಕಟ್ಟಿದ್ದೇ ಕಾನೂನು ಪ್ರಕಾರ ತಪ್ಪು. ಇವರು 1871ರಲ್ಲಿ ವಾಪಸ್ ಹೋದಾಗ ವಿಸ್ಕಾನ್ಸಿನ್‌ನಲ್ಲಿ ಮಾರಿದ್ದ ಹಳೇ ಮನೆ ಇವರಿಗೇ ಸಿಕ್ತು, ಕೊಂಡವನಿಗೆ ದುಡ್ಡು ಕಟ್ಟೋಕಾಗ್ಲಿಲ್ಲ ಅಂತ. ಕಾನ್ಸಾಸ್ ಬಿಟ್ಟು ಈಗಿನ ಓಕ್ಲಹೋಮಾಕ್ಕೆ ಖಾಯಂ ಹೊರಟಿದ್ದು ಓಸೇಜ್ ಜನ. ಲಾರಾ ಪುಸ್ತಕದಲ್ಲಿ ಆ ಜನರ ಬಗ್ಗೆ ಬರೆದ ಮಾತುಗಳಿಂದಾಗಿಯೇ 2018ರಲ್ಲಿ ಅಮೆರಿಕದ ಮಕ್ಕಳ ಲೈಬ್ರರಿ ಸಂಘದವರು ಒಂದು ಪ್ರಶಸ್ತಿಗಿದ್ದ ಅವಳ ಹೆಸರು ತೆಗೆದ್ರು. ಅತ್ತೆ ಎಲ್ಲಾ ಕೇಳಿಸ್ಕೊಂಡು, "ಹಂಗಾರೆ ಗಾಡೀಲಿ ಅಳ್ತಾ ಹೋಗ್ಬೇಕಿದ್ದವರು ಅವರು" ಅಂದ್ರು. ಆಮೇಲೆ, "ಅವರ ಸೀರಿಯಲ್ ಯಾವ ಚಾನೆಲ್ಲಲ್ಲಿ ಬರುತ್ತೆ?" ಹುಡುಕ್ತೀನಿ ಅಂದೆ. ಮಾರನೇ ದಿನ ರಾತ್ರಿ ಎಂಟಕ್ಕೆ ಮತ್ತೆ ಇದೇ ಹಾಕಿದ್ವಿ, ಮಗು ಬಿತ್ತು.

ಮೇ ಕೊನೆಗೆ, ಅತ್ತೆ ಊರಿಗೆ ಹೊರಡೋಕೆ ಎರಡು ವಾರ ಇರೋವಾಗ, ವಾಲ್ನಟ್ ಗ್ರೋವ್‌ಗೇ ಹೋದ್ವಿ. ನಮ್ಮನೆಯಿಂದ ಹತ್ತಿರ ಹತ್ತಿರ ಮೂರು ಗಂಟೆ ದಾರಿ, ಹೆದ್ದಾರಿಗೂ ಲಾರಾ ಹೆಸರೇ. ಎರಡೂ ಕಡೆ ನೆಲ ಹಾಸಿದ ಹಾಗೆ ಚಪ್ಪಟೆ, ಆಗ ತಾನೇ ಎದ್ದ ಮೆಕ್ಕೆಜೋಳದ ಸಾಲು. ಅತ್ತೆ ಕಾರಿನ ಕಿಟಕಿಯಿಂದ ಆ ಕಡೆ ಈ ಕಡೆ ನೋಡಿ, "ಗುಡ್ಡ ಎಲ್ಲಿ? ಮಗು ಬಿದ್ದಿದ್ದು ಎಲ್ಲಿ?" ಅಂದ್ರು. ಅದು ಕ್ಯಾಲಿಫೋರ್ನಿಯಾ ಅಮ್ಮ, ಸಿಮಿ ವ್ಯಾಲಿ ಅಂತ, ಶೂಟಿಂಗ್ ಮಾಡಿದ್ದು ಅಲ್ಲಿ, ಆ ಸೆಟ್ಟಿನ ಊರನ್ನ ಕೊನೇ ಸಿನಿಮಾದಲ್ಲಿ ಡೈನಮೈಟ್ ಇಟ್ಟು ಉಡಾಯಿಸಿಬಿಟ್ರು, ಜಾಗ ಮೊದಲಿದ್ದ ಹಾಗೇ ವಾಪಸ್ ಕೊಡ್ಬೇಕು ಅಂತ ಕರಾರಿತ್ತಂತೆ, ಅಂತ ನನ್ನ ಗಂಡ ಹೇಳಿದ. ಅತ್ತೆ ಮುಂದಿನ ಹತ್ತು ಮೈಲಿ ಯಾರ ಜೊತೆಗೂ ಮಾತಾಡ್ಲಿಲ್ಲ.

ಊರಾಚೆ ಒಂದು ಹೊಲದ ಒಳಗೆ ಪ್ಲಮ್ ಕ್ರೀಕ್ ಹರಿಯುತ್ತೆ, ಹೊಳೆ ಅನ್ನೋಕೂ ನಾಚಿಕೆ ಆಗೋಷ್ಟು ಸಣ್ಣದು. ಅದರ ದಡ ಕೊರೆದು ಮಾಡಿದ ಮಣ್ಣಿನ ಗೂಡಲ್ಲೇ ಇಂಗಲ್ಸ್ ಮನೆಯವರು ಮೊದಲು ಇದ್ದಿದ್ದು. ಈಗ ಅದರ ಮಾಡು ಕುಸಿದು ಬರೀ ಒಂದು ತಗ್ಗು, ಮೇಲೆ ಹುಲ್ಲು, ಪಕ್ಕ ಒಂದು ಬೋರ್ಡು. ಇದೇ ಮನೆ ಅಂದೆ. ಅತ್ತೆ ಬಗ್ಗಿ ನೋಡಿದ್ರು. "ನಮ್ದೂ ಹಿಂಗೆಯ, ಬೇಸಿಗೇಲಿ ನೀರು ಇಳಿದ್ರೆ ಜಗಲಿ ಕಾಣುತ್ತೆ, ಬೋರ್ಡ್ ಹಾಕಿಲ್ಲ ಅಷ್ಟೆ" ಅಂದು ದಡದಲ್ಲಿ ಕೂತು ಎಲೆಅಡಿಕೆ ಚೀಲ ಬಿಚ್ಚಿದ್ರು.

ನಾನು ಚಪ್ಪಲಿ ಬಿಟ್ಟು ನೀರಿಗಿಳಿದೆ. ಇದೇ ನೀರಲ್ಲಿ ಲಾರಾ ಬೇಕು ಅಂತಲೇ ನೆಲ್ಲೀನ ಕೆಸರು ಇರೋ ಕಡೆ ಕರ್ಕೊಂಡು ಹೋಗಿ ಅವಳ ಕಾಲಿಗೆ ಜಿಗಣೆ ಹತ್ತಿಸಿದ್ದು, ಕಿತ್ತರೂ ಬರ್ದೆ ಅವಳು ಕುಣಿದಾಡಿದ್ದು, ಪುಸ್ತಕದಲ್ಲಿದೆ ಅಂತ ಕೂಗಿ ಹೇಳಿದೆ. ಮಲೆನಾಡಲ್ಲಿ ಎಪ್ಪತ್ತು ಮಳೆಗಾಲ ಕಳೆದವರಿಗೆ ಜಿಗಣೆ ದೊಡ್ಡ ಸುದ್ದಿ ಏನಲ್ಲ. ಎಲೆ ಹಿಂದಕ್ಕೆ ಬೆರಳಲ್ಲಿ ನಿಧಾನಕ್ಕೆ ಸುಣ್ಣ ಸವರ್ತಾ, ತಲೆ ಎತ್ತದೆ, "ಚೂರು ಸುಣ್ಣ ಹಚ್ಚಿದ್ರೆ ಬಿಡ್ತಿತ್ತು ಅದು" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಆ ನೆಲ್ಲಿಕಾಯಿಗೆ ಹೇಳಬೇಡ" ಅಂದು ಎಲೆ ಮಡಚಿ ಬಾಯಿಗಿಟ್ಕೊಂಡ್ರು.