ತೂಕಕ್ಕೆ ಹಾಕುವ ಸಾಮಾನಲ್ಲ ಅದು

ತೂಕ ಹಾಕಿದ ಮಾರಾಯ್ರೆ, ಆ ಲೇತ್ ಅಂಗಡಿಯವ. ನನ್ನ ಅಂಬಾಸಿಡರ್ ಕಾರಿನ ಇಂಜಿನ್ನಿಗೆ ಗಾಳಿ, ಪೆಟ್ರೋಲ್ ಒಯ್ಯುವ ಮ್ಯಾನಿಫೋಲ್ಡನ್ನು, ಮೂರು ವರ್ಷ ಹುಡುಕಿ ತಂದದ್ದನ್ನು, ತಕ್ಕಡಿ ಮೇಲೆ ಇಟ್ಟು ತೂಕ ಹಾಕಿದ. ರಾತ್ರಿ ಹನ್ನೊಂದಾಯ್ತು, ಶಿರಸಿಯಲ್ಲಿ ಮಳೆ ಹೊಯ್ಯುತ್ತಿದೆ, ನನಗೆ ನಿದ್ದೆ ಹತ್ತುತ್ತಿಲ್ಲ.

ನಾನು ಹೇಳಿದ್ದು ಇಷ್ಟೇ: ಇಂಜಿನ್ನಿಗೆ ಕೂರುವ ಅಂಚಿನ ಮುಖ ಮಟ್ಟ ಮಾಡಿ, ಅರ್ಧ ಎಂಎಂಗಿಂತ ಜಾಸ್ತಿ ತೆಗೀಬೇಡಿ. ಚೀಟಿ ಬರೆದು ಅಂಟಿಸಿದ್ದೆ. ಬಾಯಲ್ಲೂ ಎರಡು ಸಲ ಹೇಳಿದ್ದೆ. ಅವರು ತೆಗೆದದ್ದು 3 ಎಂಎಂ! "ನುಣ್ಣಗೆ ಬಂದಿದೆ ನೋಡಿ ಸಾರ್" ಅಂತ ಬೇರೆ ಹೇಳಿ ಕೊಟ್ಟರು. ನುಣ್ಣಗೆ ತಗೊಂಡು ನಾನೇನು ಮಾಡಲಿ?

ಅಂಬಾಸಿಡರ್ ಬಿಚ್ಚಿದವರಿಗೆ ಗೊತ್ತಿರುತ್ತದೆ. ಅದರ ಬಿ ಸೀರೀಸ್ ಎಂಬ ಇಂಜಿನ್ನಿನಲ್ಲಿ ಗಾಳಿ ಒಳಗೆ ಹೋಗುವುದೂ ಹೊಗೆ ಹೊರಗೆ ಬರುವುದೂ ಒಂದೇ ಮಗ್ಗುಲಲ್ಲಿ. ನಾಲ್ಕು ಸಿಲಿಂಡರಿಗೆ ಗಾಳಿಯ ಬಾಯಿ ಎರಡೇ, ಹೊಗೆಯ ಬಾಯಿ ಮೂರು. ಗಾಳಿಯ ಕಡೆಯ ಇನ್‌ಟೇಕ್ ಅಂಚನ್ನೂ ಹೊಗೆಯ ಕಡೆಯ ಎಕ್ಸಾಸ್ಟ್ ಅಂಚನ್ನೂ ಒಂದೇ ದಪ್ಪ ವಾಷರ್ ಒತ್ತಿ ಹಿಡಿಯಬೇಕು. ಒಂದು ಅಂಚು ತೆಳ್ಳಗಾಯ್ತೋ, ವಾಷರ್ ಓರೆಯಾಗಿ ಕೂರುತ್ತದೆ. ಎಷ್ಟು ಬಿಗಿ ಮಾಡಿದರೂ ಎಕ್ಸಾಸ್ಟ್ ಮಾತ್ರ ಹಿಡಿಯುತ್ತದೆ, ಇನ್‌ಟೇಕ್ ಸಡಿಲ. ಭಾನುವಾರ ಕೂರಿಸಿ ಸ್ಟಾರ್ಟ್ ಮಾಡಿದೆ. ಸುಂಯ್ ಅಂತ ಗಾಳಿ ಎಳೆಯುವ ಸದ್ದು. ಸಂದಿಗೆ ಕಾರ್ಬೊರೇಟರ್ ಕ್ಲೀನರ್ ಹೊಡೆದರೆ ಇಂಜಿನ್ನಿನ ಓಟವೇ ಬದಲಾಯ್ತು. ಅಲ್ಲಿಂದಲೇ ಸೋರಿಕೆ. ಹೀಗೆ ಕಳ್ಳಗಾಳಿ ಸೇರಿದರೆ ಪೆಟ್ರೋಲ್ ಸಾಲುವುದಿಲ್ಲ, ಇಂಜಿನ್ ಕಾಯುತ್ತದೆ. ಇದನ್ನು ಇಟ್ಟುಕೊಂಡು ದೇವಿಮನೆ ಘಾಟಿ ಹತ್ತಿದರೆ ವಾಲ್ವ್ ಸುಡುವುದೇ ಸೈ.

ಇವತ್ತು ವಾಪಸ್ ತಗೊಂಡು ಹೋದೆ. ಜಗಳಕ್ಕಲ್ಲ. ಏನು ಮಾಡಬಹುದು ಅಂತ ಕೇಳೋಣ ಅಂತ. ಅಡಿಕೆ ಸುಲಿಯುವ ಮಷಿನ್ನಿನ ಶಾಫ್ಟ್ ಹಿಡಿದು ಇಬ್ಬರು ನಿಂತಿದ್ದರು. ಓರೆ ಕೂತ ವಾಷರ್ ತೋರಿಸಿದೆ. ಅಂಗಡಿಯಾತ ನೋಡಲೇ ಇಲ್ಲ. ನನ್ನ ಕೈಯಿಂದ ಮ್ಯಾನಿಫೋಲ್ಡ್ ತಗೊಂಡ. ಲೇತ್ ಪಕ್ಕ ಹಿತ್ತಾಳೆ ಚೂರು ತೂಗುವ ತಕ್ಕಡಿ ಇದೆ. ಅದರ ಮೇಲೆ ಇಟ್ಟ. ಕೆಂಪು ಅಂಕಿ ಓಡಿ ಓಡಿ ನಿಂತಿತು: 2 ಕೆಜಿ 100 ಗ್ರಾಂ. "ಅಲ್ಯೂಮಿನಿಯಂ ರೇಟು ಹಾಕ್ತೇನೆ, ಮುನ್ನೂರು ತಗೊಳ್ಳಿ, ತಕರಾರು ಮುಗೀತು" ಅಂದ. ಶಾಫ್ಟಿನವರು ನಕ್ಕರು. ಕೆಲಸದ ಹುಡುಗನೂ ನಕ್ಕ. ಎಣ್ಣೆ ಕೈಯಲ್ಲೇ ಮೂರು ನೋಟು ನನ್ನ ಅಂಗಿ ಜೇಬಿಗೆ ತುರುಕಿ, "ಈ ಡಬ್ಬ ಗುಜರಿಗೆ ಹಾಕಿ ಹೊಸ ಗಾಡಿ ತಗೊಳ್ಳಿ ಸಾರ್" ಅಂದ.

ನಾನು ಒಂದು ಮಾತೂ ಆಡಲಿಲ್ಲ. ಮ್ಯಾನಿಫೋಲ್ಡ್ ಎತ್ತಿಕೊಂಡು ಬಂದೆ. ಬಾಯಿ ಯಾಕೆ ಬರಲಿಲ್ಲ ಅಂತ ಸಂಜೆಯಿಂದ ಕೇಳಿಕೊಳ್ಳುತ್ತಿದ್ದೇನೆ.

ಡಬ್ಬವಂತೆ. 1974ರ ಮಾರ್ಕ್ 2 ಅದು. ಅಪ್ಪಯ್ಯ ಅಡಿಕೆ ಮಾರಿದ ದುಡ್ಡಲ್ಲಿ ತಂದದ್ದು. ಆಯಿಯನ್ನು ಕುಮಟಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದದ್ದು ಅದರಲ್ಲೇ. ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತದ್ದೇ 2014ರಲ್ಲಿ. ಎರಡು ಎಸ್‌ಯು ಕಂಪನಿಯ ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಕೂರುವ ಇಂಥ ಮ್ಯಾನಿಫೋಲ್ಡನ್ನು ಅಂಬಾಸಿಡರಿಗೆ ಅಂತ ಯಾರೂ ಅಂಗಡಿಯಲ್ಲಿ ಇಟ್ಟಿರುವುದಿಲ್ಲ. ಇದು ಎಂಜಿಎ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನದು. ಅದರದ್ದೂ ಇದೇ 1489 ಸಿಸಿ ಇಂಜಿನ್, ಅದಕ್ಕೇ ಹೊಂದುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಿದೆ, ಸಿಗಲಿಲ್ಲ. ಕೊನೆಗೆ ಮುಂಬೈ ಚೋರ್ ಬಜಾರಿನಲ್ಲಿ, ತುಕ್ಕು ಹಿಡಿದ ಬಂಪರುಗಳ ಅಡಿಯಲ್ಲಿ ಇದರ ಒಂದು ಅಂಚು ಕಂಡಾಗ ಕೈ ನಡುಗಿತ್ತು.

ಹೋಗಲಿ ಬಿಡು ಅಂತ ಆಯಿ ಹೇಳ್ತಾಳೆ. ಹೌದು, ಬಿಡಬೇಕು. ಹಳೆಯ ಸೋಲೆಕ್ಸ್ ಕಾರ್ಬೊರೇಟರ್ ಒಂದೇ ಸಾಕು, ಇಷ್ಟು ವರ್ಷ ಓಡಲಿಲ್ಲವಾ? ಆತನಿಗೂ ದಿನಕ್ಕೆ ಹತ್ತು ಕೆಲಸ, ಚೀಟಿ ಓದಲು ಪುರುಸೊತ್ತು ಎಲ್ಲಿ.

ಇಲ್ಲ, ಯಾಕೆ ಬಿಡಬೇಕು? ಓದಲು ಪುರುಸೊತ್ತಿಲ್ಲದವನಿಗೆ 3 ಎಂಎಂ ಕೊರೆಯಲು ಪುರುಸೊತ್ತಿತ್ತಲ್ಲ! ತಪ್ಪಾಯ್ತು ಅಂದಿದ್ದರೆ ಸಾಕಿತ್ತು. ನಾನೇ ಸಮಾಧಾನ ಹೇಳಿ ಬರುತ್ತಿದ್ದೆ.

ಯಾರಾದರೂ ಉತ್ತರ ಕೊಡಿ. ಶಿರಸಿಯಿಂದ ಕಾರವಾರದವರೆಗೆ, ಬೇಕಾದರೆ ಹುಬ್ಬಳ್ಳಿಯಲ್ಲಿ, ಅಂಚಿಗೆ ಆರ್ಗಾನ್ ವೆಲ್ಡಿಂಗ್‌ನಲ್ಲಿ 3 ಎಂಎಂ ತುಂಬಿಸಿ, ಸೊಟ್ಟ ಆಗದ ಹಾಗೆ ಮತ್ತೆ ಮುಖ ಮಟ್ಟ (ಫೇಸಿಂಗ್) ಮಾಡಿ ಕೊಡುವವರು ಇದ್ದಾರಾ? ಒಂದು ಬದಿ ದಪ್ಪ, ಒಂದು ಬದಿ ತೆಳ್ಳಗೆ, ಮೆಟ್ಟಿಲು ಇರುವ ವಾಷರ್ ಕಡೆಸಿ ಹಾಕಬಹುದು, ಗೊತ್ತು. ಆದರೆ ಇಷ್ಟು ತೆಳ್ಳಗಾದ ಅಂಚು ಬಿಗಿ ಮಾಡುವಾಗ ಬಾಗಿದರೆ? ಮಾಡಿ ನೋಡಿದವರು ಹೇಳಿ.

ಆ ಮುನ್ನೂರು ರೂಪಾಯಿ ಇನ್ನೂ ಜೇಬಲ್ಲೇ ಇದೆ. ಆತನ ಹೆಬ್ಬೆರಳಿನ ಕಪ್ಪು ಗುರುತು ನೋಟಿನ ಮೇಲೆ ಹಾಗೇ ಕೂತಿದೆ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಲ್ಲುತ್ತೇನೆ, ವಾಪಸ್ ಕೊಡುವುದಕ್ಕೆ.