ಕುಡಿಕೆಯೊಳಗಿನ ಕೆಂಡಕ್ಕೆ ‘ಜುಗಾಡ್’ ಎನ್ನಬೇಡಿ

ನಿನ್ನೆ ಸಂಜೆ ಗಾಂಧಿ ಬಜಾರಿನಲ್ಲಿ ಮಳೆ ಹನಿಯುತ್ತಿದ್ದಾಗ ಕಡಲೆಕಾಯಿ ಗಾಡಿಯೊಂದರ ಮುಂದೆ ನಿಂತಿದ್ದೆ. ಹುರಿದ ಕಾಯಿಯ ರಾಶಿಯ ನಡುವೆ ಕೆಂಡ ತುಂಬಿದ ಮಣ್ಣಿನ ಕುಡಿಕೆ ಎಂದಿನಂತೆ ಕುಳಿತಿತ್ತು. ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ಇನ್ನೂ ನೇತಾಡುತ್ತಿದ್ದ ತರುಣನೊಬ್ಬ ಅದರ ಫೋಟೊ ತೆಗೆದು, ‘ಎಂಥ ಜುಗಾಡ್ ನೋಡೋ’ ಎಂದು ಗೆಳೆಯನ ಕಡೆ ತಿರುಗಿ ನಕ್ಕ. ಹೇಗೋ ಹೊಂದಿಸಿಕೊಂಡ ಉಪಾಯಕ್ಕೆ ಹಿಂದಿಯಲ್ಲಿ ಹೇಳುವ ಮಾತು ಅದು; ಹೊಗಳಿಕೆಯೇ ಇರಬೇಕು. ನನಗೆ ಮಾತ್ರ ಮೈ ಉರಿಯಿತು. ಪೊಟ್ಟಣ ಖಾಲಿಯಾದರೂ ಆ ಉರಿ ಆರಲಿಲ್ಲ.

ಶಾಖ ವರ್ಗಾವಣೆಯ ಪಾಠ ಹೇಳುತ್ತ ನಾನು ಎಷ್ಟು ಮಂದಿಯನ್ನು ನಪಾಸು ಮಾಡಿದ್ದೇನೆ ಎಂಬುದು ಇಲ್ಲಿರುವ ಹಳೆಯ ಶಿಷ್ಯರಿಗೆ ಗೊತ್ತು. ಆ ಅಧಿಕಾರದಿಂದಲೇ ಹೇಳುತ್ತೇನೆ: ಆ ಕುಡಿಕೆಯಲ್ಲಿ ಅಡ್ಡಾದಿಡ್ಡಿಯಾದದ್ದು ಏನೂ ಇಲ್ಲ. ತೆರೆದಿಟ್ಟ ಕೆಂಡ ಗಾಳಿ ತಾಕಿ ಬೇಗ ಮುಗಿದುಹೋಗುತ್ತದೆ ಎಂದು ತಿಳಿದೇ ಗಾಡಿಯಾತ ಅದರ ಮೇಲೆ ಬೂದಿ ಮುಚ್ಚುತ್ತಾನೆ. ‘ಬೂದಿ ಜಾಸ್ತಿಯಾದ್ರೆ ಕೆಂಡ ಸಾಯತ್ತೆ ಸಾರ್, ಕಮ್ಮಿಯಾದ್ರೆ ಎಂಟು ಗಂಟೆಗೇ ಮುಗಿದೋಗತ್ತೆ’ ಎಂದು ಕೇಳಿದ ತಕ್ಷಣ ಹೇಳಿದ. ಮಣ್ಣು ಲೋಹದಂತೆ ಶಾಖವನ್ನು ಒಮ್ಮೆಲೇ ಬಿಟ್ಟುಕೊಡುವುದಿಲ್ಲವಾದ್ದರಿಂದ ಕುಡಿಕೆಗೆ ಒತ್ತಿಕೊಂಡ ಕಾಯಿ ಸೀಯುವುದಿಲ್ಲ, ಮಳೆಯ ಥಂಡಿಗೆ ರಾಶಿ ಮೆತ್ತಗಾಗುವುದೂ ಇಲ್ಲ. ಇನ್ನು ಹುರಿಯುವಾಗ ಮರಳು ಏಕೆ? ಕಾಯಿ ಬಾಣಲೆಯ ತಳಕ್ಕೆ ತಾಗುವುದು ಒಂದೇ ಮಗ್ಗುಲಿನಲ್ಲಿ. ಕಾದ ಮರಳಾದರೆ ಅದನ್ನು ಸುತ್ತಲೂ ಮುತ್ತಿಕೊಳ್ಳುತ್ತದೆ. ಇದನ್ನೇ ನಾನು ಕಪ್ಪುಹಲಗೆಯ ಮೇಲೆ ಮೂರು ಸಮೀಕರಣ ಬರೆದು ಹೇಳಿದರೆ ಎಂಜಿನಿಯರಿಂಗ್, ಆತ ಮಾಡಿ ತೋರಿಸಿದರೆ ಜುಗಾಡ್!

ಉತ್ತರ ಭಾರತದ ಹಳ್ಳಿಗಳಲ್ಲಿ ನೀರೆತ್ತುವ ಡೀಸೆಲ್ ಎಂಜಿನ್ನನ್ನು ಗಾಡಿಗೆ ಕೂರಿಸಿ ಓಡಿಸುತ್ತಾರೆ. ಆ ವಾಹನದ ಹೆಸರೂ ಜುಗಾಡ್. ಸಿಕ್ಕಿದ್ದರಲ್ಲಿ ಹೇಗೋ ಇವತ್ತಿನ ಕೆಲಸ ಸಾಗಿಸುವುದು ಎಂಬುದು ಆ ಮಾತಿನ ಭಾವ. ಕುಡಿಕೆಯಲ್ಲಿ ಆ ‘ಹೇಗೋ’ ಎಲ್ಲಿದೆ? ಹೂ ಮಾರುವಾಕೆ ಬಾಳೆನಾರನ್ನು ನೆನೆಸಿ ಮಲ್ಲಿಗೆ ಕಟ್ಟುವುದರಲ್ಲಿ ಎಲ್ಲಿದೆ? ದಾರದ ಕಾಸು ಉಳಿಯುತ್ತದೆ, ನಿಜ; ಜೊತೆಗೆ ನಾರು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮಲ್ಲಿ ಇದಕ್ಕೆ ‘ಹದ’ ಎಂಬ ಮಾತು ಇರುವಾಗ ಎರವಲು ಶಹಬ್ಬಾಸ್‌ಗಿರಿ ಏಕೆ ಬೇಕೋ ತಿಳಿಯದು.

‘ಬಡತನವನ್ನು ವೈಭವೀಕರಿಸಬೇಡಿ, ಫುಟ್‌ಪಾತಿನಲ್ಲಿ ನಡೆಯಲು ಜಾಗವಿಲ್ಲ’ ಎಂದು ಕೆಳಗೆ ಯಾರಾದರೂ ಬರೆಯುತ್ತೀರಿ. ಜಾಗವಿಲ್ಲ, ಒಪ್ಪಿದೆ. ಅದೇ ಫುಟ್‌ಪಾತಿನ ಮೇಲೆ ಹತ್ತಿಸಿ ನಿಲ್ಲಿಸಿದ ಕಾರುಗಳನ್ನು ಕಂಡು ನೀವು ಇಷ್ಟು ಸಂಕಟಪಟ್ಟದ್ದನ್ನು ಮಾತ್ರ ನಾನು ನೋಡಿಲ್ಲ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಬೀದಿ ವ್ಯಾಪಾರಿಗಳನ್ನು ಎಬ್ಬಿಸಬಾರದು, ಪಟ್ಟಣ ವ್ಯಾಪಾರ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಶೇ. 40ರಷ್ಟು ಮಂದಿ ಅವರೇ ಆಗಿರಬೇಕು ಎಂದು 2014ರ ಕೇಂದ್ರ ಕಾಯ್ದೆ ಹೇಳುತ್ತದೆ. ಅಂದರೆ ಜಾಗದ ಲೆಕ್ಕ ಹಾಕುವಾಗ ಅವರ ತಲೆಯನ್ನೂ ಬಳಸಿ ಎಂದೇ ಅರ್ಥ. ಜುಗಾಡ್ ಎಂದು ನಗುವವರಿಗೆ ಇದು ಹೊಳೆಯುವುದಿಲ್ಲ. ಇಲ್ಲಿ ಹೇಗೋ ಬದುಕಿದವನು ಎತ್ತಂಗಡಿ ಮಾಡಿದರೆ ಅಲ್ಲಿಯೂ ಹೇಗೋ ಬದುಕಿಕೊಳ್ಳುತ್ತಾನೆ ಎಂಬ ಸಮಾಧಾನ ಆ ಮಾತಿನೊಳಗೇ ಅಡಗಿದೆ.

ಆ ಸಮಾಧಾನ ನನಗೆ ಚೆನ್ನಾಗಿ ಗೊತ್ತು. ಮೂರು ವರ್ಷದ ಹಿಂದೆ ನಮ್ಮ ರಸ್ತೆಯ ಮೂಲೆಯ ಸೊಪ್ಪಿನ ಗಾಡಿಯನ್ನು ತೆಗೆಸಬೇಕೆಂದು ನಿವಾಸಿಗಳ ಸಂಘ ಅರ್ಜಿ ಬರೆದಾಗ ನಾನೂ ಸಹಿ ಹಾಕಿದೆ. ಓದದೆ ಅಲ್ಲ, ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಒಂದು ಕಾಗುಣಿತದ ತಪ್ಪನ್ನೂ ತಿದ್ದಿ. ಆಕೆ ಸೊಪ್ಪಿನ ಮೇಲೆ ಒದ್ದೆ ಗೋಣಿತಾಟು ಹೊದಿಸಿ, ನೀರು ಆರುತ್ತ ಹೋದಂತೆ ತಂಪು ನಿಲ್ಲುವ ಹಾಗೆ ಆಗಾಗ ಚಿಮುಕಿಸುತ್ತಿದ್ದರು. ಗುಜರಾತಿನ ವಾಂಕಾನೇರಿನ ಮನ್‌ಸುಖ್‌ಭಾಯಿ ಪ್ರಜಾಪತಿಯವರು ವಿದ್ಯುತ್ ಬೇಡದ ಮಣ್ಣಿನ ಫ್ರಿಜ್ ಮಾಡಿದ್ದು ಇದೇ ತತ್ತ್ವದ ಮೇಲೆ. ಅವರ ಫ್ರಿಜ್ಜಿನ ಚಿತ್ರವನ್ನು ತರಗತಿಯಲ್ಲಿ ತೋರಿಸಿ ಚಪ್ಪಾಳೆ ಹೊಡೆಸಿದವನು ನಾನೇ.

ಈಗ ಒಂದು ಕಟ್ಟು ಕೊತ್ತಂಬರಿಗೂ ಮುಖ್ಯರಸ್ತೆ ದಾಟಿ ಹೋಗುತ್ತೇನೆ. ಆಕೆ ಅಲ್ಲಿ ಔಷಧಿ ಅಂಗಡಿಯ ಪಕ್ಕ, ಅದೇ ಗೋಣಿತಾಟಿನೊಂದಿಗೆ ನಿಂತಿರುತ್ತಾರೆ. ನನ್ನ ಸಹಿಯ ವಿಷಯ ಅವರಿಗೆ ತಿಳಿದಿಲ್ಲ ಎಂದುಕೊಂಡಿದ್ದೇನೆ.