ಝೆನ್ ಓಡಿಸಿದವನ ಎಲೆಕ್ಟ್ರಿಕ್ ತಕರಾರು

ಹೋದ ತಿಂಗಳು ಗೆಳೆಯನ ಎಲೆಕ್ಟ್ರಿಕ್ ಕಾರಲ್ಲಿ ಚಾರ್ಮಾಡಿ ಘಾಟಿ ಇಳಿದೆ. "ಹೇಗಿದೆ ಮಾರಾಯ ಕಾರು?" ಅಂದ. "ಭಾರೀ ಚೆನ್ನಾಗಿದೆ" ಅಂದೆ. ಸುಳ್ಳಲ್ಲ. ಪೆಡಲ್ ಮುಟ್ಟಿದ್ರೆ ಸಾಕು, ಮುಂದಿದ್ದ ಲಾರಿ ಹಿಂದಿರುತ್ತೆ. ಕಾಲು ತೆಗೆದ್ರೆ ತಾನೇ ನಿಧಾನ ಆಗಿ ಬ್ಯಾಟರಿಗೂ ಒಂದಿಷ್ಟು ಚಾರ್ಜ್ ತುಂಬಿಕೊಳ್ಳುತ್ತೆ. ಕೊಟ್ಟಿಗೆಹಾರದಿಂದ ಕೆಳಗೆ ಬರೋವರೆಗೆ ಬ್ರೇಕ್ ತುಳಿದದ್ದು ನಾಲ್ಕೈದು ಸಲ ಇರಬೇಕು. ಆದ್ರೂ ಉಜಿರೆಯಲ್ಲಿ ಕಾಫಿ ಕುಡೀತಾ ಕೂತಾಗ ಅನ್ನಿಸ್ತು, ಘಾಟಿ ಇಳಿದದ್ದು ಕಾರು, ನಾನು ಸುಮ್ಮನೆ ಜೊತೆಗೆ ಬಂದೆ.

ಎಲೆಕ್ಟ್ರಿಕ್ ಸ್ಪೋರ್ಟ್ಸ್ ಕಾರು ಅಂದ ತಕ್ಷಣ ನಮ್ಮ ಕಾರುಹುಚ್ಚರು ಸದ್ದಿಲ್ಲ ಅಂತ ಗೋಳಾಡ್ತಾರೆ. ನನಗದು ದೊಡ್ಡ ವಿಷಯವೇ ಅಲ್ಲ. ವೇಗಕ್ಕಂತೂ ಬರ ಇಲ್ಲ. 2025ರಲ್ಲಿ ನಮ್ಮಲ್ಲಿ ಮಾರಾಟಕ್ಕೆ ಬಂದ ಎಂಜಿ ಸೈಬರ್‌ಸ್ಟರ್ 100 ಕಿ.ಮೀ. ವೇಗ ಮುಟ್ಟೋಕೆ 3.2 ಸೆಕೆಂಡ್. ಬೆಂಗಳೂರು-ಮೈಸೂರು ಹೈವೇಲಿ ಮಿತಿಯೇ 100. ಅಲ್ಲಿಗೆ ಆಟ ಮುಗೀತು, ಉಳಿದದ್ದು ಕ್ಯಾಮೆರಾ ನೋಡ್ಕೊಂಡು ಹೋಗೋದು.

ನನ್ನ ತಕರಾರು ತೂಕದ್ದು. ಸೈಬರ್‌ಸ್ಟರ್ ಇಬ್ಬರೇ ಕೂರೋ ಕಾರು, ತೂಕ ಹತ್ತಿರ ಹತ್ತಿರ 2 ಟನ್. ಪೆಟ್ರೋಲಲ್ಲಿ ಓಡೋ ಮಾಜ್ದಾ ಎಂಎಕ್ಸ್-5 ಕೂಡ ಇಬ್ಬರದ್ದೇ, ತೂಕ ಸೈಬರ್‌ಸ್ಟರ್‌ನ ಅರ್ಧಕ್ಕಿಂತ ಚೂರು ಜಾಸ್ತಿ. ನನ್ನ ಹಳೇ ಮಾರುತಿ ಝೆನ್ ಮುಕ್ಕಾಲು ಟನ್. ಭಾರದ ಬ್ಯಾಟರಿ ತಳದಲ್ಲಿರೋದ್ರಿಂದ ತಿರುವಲ್ಲಿ ಹೆಚ್ಚು ವಾಲಲ್ಲ, ಒಪ್ಪಿದೆ. ಆದ್ರೆ ತಲೆ ಮೇಲಿದ್ದ ಮೂಟೆ ಸೊಂಟಕ್ಕೆ ಕಟ್ಟಿಕೊಂಡ್ರೆ ಮೂಟೆ ಹಗುರ ಆಗುತ್ತಾ? ಅದನ್ನ ತಿರುಗಿಸೋಕೆ ಅಗಲದ ಟೈರು, ನಿಲ್ಲಿಸೋಕೆ ದೊಡ್ಡ ಬ್ರೇಕು, ಹಿಡಿದಿಡೋಕೆ ಗಟ್ಟಿ ಸಸ್ಪೆನ್ಷನ್. ಇದರ ಮಧ್ಯೆ ಚಕ್ರದ ಕೆಳಗೆ ಏನಾಗ್ತಿದೆ ಅಂತ ಸ್ಟೇರಿಂಗ್ ಹಿಡಿದ ಕೈಗೆ ಗೊತ್ತಾಗೋದೇ ಕಷ್ಟ. ಝೆನ್‌ನಲ್ಲಿ 50 ಕಿ.ಮೀ. ವೇಗಕ್ಕೇ ಮೈ ಬೆವರ್ತಿತ್ತು. (ಎಸಿ ಕೆಟ್ಟಿತ್ತು, ಅದೂ ಒಂದು ಕಾರಣ.)

ಹ್ಯುಂಡೈನವರು 2023ರಲ್ಲಿ ತೋರಿಸಿದ ಎಲೆಕ್ಟ್ರಿಕ್ ಕಾರು ಅಯಾನಿಕ್ 5 ಎನ್ ಕಥೆ ಕೇಳಿ. ಬದಲಿಸೋಕೆ ಗೇರೇ ಇಲ್ಲ, ಆದ್ರೆ 8 ಗೇರ್ ಇರೋ ಹಾಗೆ ನಾಟಕ ಆಡುತ್ತೆ. ಸ್ಟೇರಿಂಗ್ ಹಿಂದಿನ ಪ್ಯಾಡಲ್ ಎಳೆದ್ರೆ ಒಂದು ಜರ್ಕು, ಸ್ಪೀಕರಲ್ಲಿ ಇಂಜಿನ್ ಸದ್ದು. ಗೇರ್ ಬದಲಿಸೋಕೆ ಮರೆತ್ರೆ ಮುಂದಕ್ಕೆ ಎಳೆಯೋದನ್ನೇ ನಿಲ್ಲಿಸುತ್ತೆ! ಓದಿ ಮೊದಲು ನಕ್ಕಿದ್ದೆ. ಈಗ ನಗಲ್ಲ. ಓಡಿಸೋನ ಕೈಗೊಂದು ಕೆಲಸ ಬೇಕು, ತಪ್ಪಿದ್ರೆ ಅದು ಗೊತ್ತಾಗ್ಬೇಕು ಅನ್ನೋದು ಅವರಿಗೆ ಹೊಳೆದಿದೆಯಲ್ಲ. ಯಕ್ಷಗಾನದ ದಮಯಂತಿ ಗಂಡಸು ಅಂತ ಗೊತ್ತಿದ್ದೂ ನಮಗೆ ಕಣ್ಣೀರು ಬರಲ್ವಾ? ಆದ್ರೆ ಈ ದಮಯಂತಿಯ ತೂಕವೂ 2 ಟನ್ ದಾಟುತ್ತೆ.

ಹಗುರ ಮಾಡೋಕೆ ಆಗಲ್ಲ ಅನ್ನಬೇಡಿ. ಲೋಟಸ್ ಎಲಿಸ್ ಅನ್ನೋ ಹಗುರ ಪೆಟ್ರೋಲ್ ಕಾರಿನ ಆಧಾರದ ಮೇಲೆ ಕಟ್ಟಿದ 2008ರ ಟೆಸ್ಲಾ ರೋಡ್‌ಸ್ಟರ್ 1.3 ಟನ್ ಆಸುಪಾಸಿನಲ್ಲಿತ್ತು, ಅದೂ ಆಗಿನ ಕಾಲದ ಬ್ಯಾಟರಿ ಇಟ್ಕೊಂಡು. ನನಗೆ ಒಂದು ಚಾರ್ಜಿಗೆ 500 ಕಿ.ಮೀ. ಓಡೋ ರೇಂಜ್ ಬೇಡ. ಭಾನುವಾರ ಬೆಳಿಗ್ಗೆ ಮೂಡಿಗೆರೆಯಿಂದ ಘಾಟಿ ಇಳಿದು ಹತ್ತಿ ಮನೆ ಸೇರಿದ್ರೆ ಸಾಕು. ಚಿಕ್ಕ ಬ್ಯಾಟರಿ, ಒಂದು ಟನ್ ತೂಕ, ಎರಡು ಸೀಟು. ಯಾರಾದ್ರೂ ಮಾಡ್ಲಿ, ಸಾಲ ಮಾಡಿಯಾದ್ರೂ ತಗೋತೀನಿ.

ಅಲ್ಲೀವರೆಗೆ ಝೆನ್‌ಗೆ ಕ್ಲಚ್ ಪ್ಲೇಟ್ ಹುಡುಕ್ತಿದೀನಿ. ಯಾರ ಹತ್ರ ಆದ್ರೂ ಇದ್ರೆ ಇನ್‌ಬಾಕ್ಸ್ ಮಾಡಿ.